ಬಲಗಡೆಯ ಕೂಗು

ಬನಹಟ್ಟಿ
14 ಸೆಪ್ಟೆಂಬರ್ 2025

ಮಾಳೂ,

ಆಶೀರ್ವಾದ ಕೊನೆಗೆ, ಬೈಗುಳ ಮೊದಲು. ಕಬಡ್ಡಿ ಲೀಗಿನ ಮೂರು ಪಂದ್ಯ ಆದವು, ಮೂರೂ ಸೋತಿರಿ. ದಖ್ಖನ್ ಈಗಲ್ಸ್ ಅಂತ ಎದೆ ಮೇಲೆ ಹದ್ದಿನ ಚಿತ್ರ ಬರೆಸಿಕೊಂಡರೆ ಸಾಕೇನು? ನಾಗಪುರದವರು ನಿಮ್ಮನ್ನು ಕೋಳಿಮರಿ ಅಟ್ಟಿದ ಹಾಗೆ ಅಟ್ಟಿದರು. ಆ ಮುಂಗೂದಲಿನ ರೇಡರ್ ದುರಗೇಶ ಇದ್ದಾನಲ್ಲ, ಅವನು ಒಂದು ಬೋನಸ್ ತಂದು ನಾಲ್ಕು ಸಲ ಕ್ಯಾಮೆರಾ ನೋಡುತ್ತಾನೆ. ಕ್ಯಾಮೆರಾ ನೋಡಿದ್ದಕ್ಕೆ ಪಾಯಿಂಟ್ ಕೊಡುವಂತಿದ್ದರೆ ನೀವು ಈಗ ಮೊದಲನೇ ಸ್ಥಾನದಲ್ಲಿರುತ್ತಿದ್ದಿರಿ.

ಸಿದರಾಯನಿಗೆ ಕಿವಿ ಇಲ್ಲ, ಆಟ ಏನು ತಿಳಿಯುತ್ತದೆ ಅನ್ನುತ್ತಾರೆ ಇಲ್ಲಿಯ ಹುಡುಗರು. ಮೂವತ್ತೆಂಟು ವರ್ಷ ಪವರ್‌ಲೂಮ್ ನಡೆಸಿ ಕಿವಿ ಕಳೆದುಕೊಂಡಿದ್ದೇನೆ, ಕಣ್ಣು ಕಳೆದುಕೊಂಡಿಲ್ಲ. ನಮ್ಮ ಮನೆಯ ಟಿವಿಗೆ ಈಗ ಸದ್ದೇ ಇಲ್ಲ. "ನಿಮಗ ಕೇಳೂದಿಲ್ಲ, ನನಗ ಆ ಹಿಂದಿ ತಿಳಿಯೂದಿಲ್ಲ, ಸುಮ್ನ ಯಾಕ ತಲಿಬ್ಯಾನಿ?" ಎಂದು ನಿನ್ನ ತಾರವ್ವ ಕಾಕು ಪೂರ್ತಿ ಬಂದ್ ಮಾಡಿಟ್ಟಿದ್ದಾಳೆ. ಒಂದು ರೀತಿ ಛಲೋ ಆಯಿತು. ಹೊಗಳುವವರ ಮಾತು ಅಡ್ಡ ಬರುವುದಿಲ್ಲ, ಬರೀ ಆಟ ಕಾಣುತ್ತದೆ.

ಕಂಡದ್ದು ಹೇಳುತ್ತೇನೆ. ನಾಲ್ಕು ಸೀಸನ್ ನೀನು ಬಲ ಕಾರ್ನರಿನಲ್ಲಿ ನಿಂತೆ. ಅಂಕಣದ ಆ ಮೂಲೆಗೆ ರೇಡರ್ ಬಂದರೆ ಅವನ ಕಣಕಾಲು ನಿನ್ನ ಕೈಯಲ್ಲಿ ಇರುತ್ತಿತ್ತು. ಈ ಸಲ ನೋಡಿದರೆ ಎಡ ಕಾರ್ನರಿನಲ್ಲಿ ನಿಂತಿದ್ದೀಯ. ಯಾರು ಹೇಳಿದರು? ಎಡ ಕಾರ್ನರಿನವರಿಗೆ ಹೆಸರು ಹೆಚ್ಚು, ಪೋಸ್ಟರಿನಲ್ಲಿ ಮುಖ ಬರುತ್ತದೆ ಎಂದು ನೀನೇ ಕೇಳಿಕೊಂಡೆಯಾ? ಹಾಗಿದ್ದರೆ ಬಿಟ್ಟುಬಿಡು. ಪ್ರತಿಯೊಂದು ಹಿಡಿತಕ್ಕೂ ಅರ್ಧ ಗಳಿಗೆ ತಡವಾಗಿ ಹೋಗುತ್ತಿದ್ದೀಯ. ನಾನು ಕಲಿಸಿದ ಮಾಳು ತಡ ಮಾಡುತ್ತಿರಲಿಲ್ಲ.

ನನಗೆ ಫೋನ್ ಆಗದು ಎಂಬುದು ನಿನಗೆ ಗೊತ್ತು. ಈ ಸಲ ಲೀಗಿನ ಪಂದ್ಯಗಳೆಲ್ಲ ಪುಣೆಯಲ್ಲೇ ಎಂದು ಚಹಾದಂಗಡಿಯ ನೀಲಕಂಠ ಹೇಳಿದ, ಅದಕ್ಕೆ ನಿಮ್ಮ ಹಾಸ್ಟೆಲಿಗೇ ಬರೆದಿದ್ದೇನೆ. ಉತ್ತರ ಬರೆ. ಈಗ ಆಶೀರ್ವಾದ.

ಸಿದರಾಯ ಕಾಕಾ


ಪುಣೆ
23 ಸೆಪ್ಟೆಂಬರ್ 2025

ಸಿದರಾಯ ಕಾಕಾ ಅವರಿಗೆ,

ನಮಸ್ಕಾರ. ಪತ್ರ ಮುಟ್ಟಿತು. ಬೈಗುಳ ಓದಿ ಬನಹಟ್ಟಿಯ ಮೈದಾನದಲ್ಲಿ ನಿಂತ ಹಾಗಾಯಿತು. ದುರಗೇಶನ ಕ್ಯಾಮೆರಾದ ವಿಷಯ ಅವನಿಗೇ ಓದಿ ಹೇಳಿದೆ, ನಕ್ಕ. ಒಳ್ಳೆಯ ಹುಡುಗ, ಬಿಲಗಿ ಕಡೆಯವನು. ಅವನನ್ನು ಅಷ್ಟು ಬೈಯಬೇಡಿ.

ಎಡ ಕಾರ್ನರ್ ನಾನು ಕೇಳಿದ್ದಲ್ಲ. ಈ ವರ್ಷ ಇರಾನಿನ ಒಬ್ಬ ದೊಡ್ಡ ಆಟಗಾರನನ್ನು ತಂದಿದ್ದಾರೆ, ಅವನು ಬಲಗಡೆ ಬಿಟ್ಟು ಬೇರೆಲ್ಲೂ ನಿಲ್ಲುವುದಿಲ್ಲ. "ನಿನಗೆ ಅನುಭವ ಇದೆ, ನೀನು ಆ ಕಡೆ ಹೋಗು" ಎಂದರು ಕೋಚ್ ಸಾಹೇಬರು. ಹೋದೆ. ಸ್ವಲ್ಪ ದಿನದಲ್ಲಿ ರೂಢಿಯಾಗುತ್ತದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ದಿನಾ ಅನ್ನ, ಮೊಟ್ಟೆ, ಕೋಳಿ. ರೊಟ್ಟಿ ಮಾತ್ರ ಇಲ್ಲ. ಊಟದ ಹಾಲಿನಲ್ಲಿ ಬಲಗಡೆ ಗೋಡೆ ಇರುವ ಒಂದು ಕುರ್ಚಿ ಇದೆ, ಬೇಗ ಹೋಗಿ ಅದನ್ನೇ ಹಿಡಿಯುತ್ತೇನೆ. ಹುಡುಗರು ಅದಕ್ಕೆ "ಮಾಳುವಿನ ಸಿಂಹಾಸನ" ಎಂದು ಹೆಸರಿಟ್ಟಿದ್ದಾರೆ.

ಈ ಸೀಸನ್ ಮುಗಿದ ಮೇಲೆ ಆಟಗಾರರ ಹೊಸ ಹರಾಜು. ನನ್ನ ಕರಾರೂ ಇದೇ ವರ್ಷಕ್ಕೆ ಮುಗಿಯುತ್ತದೆ. ಚೆನ್ನಾಗಿ ಆಡಬೇಕು ಎಂಬ ಚಿಂತೆ ನಿಮಗಿಂತ ನನಗೇ ಹೆಚ್ಚು, ನಂಬಿ. ಅವ್ವ ಹುನ್ನೂರಿನಿಂದ ಫೋನ್ ಮಾಡಿದರೆ ನಾನು ಎತ್ತುವುದಿಲ್ಲವೆಂದು ಬೇಜಾರಾಗಿದ್ದಾಳಂತೆ. ನೀವು ಅತ್ತ ಹೋದರೆ ಕ್ಯಾಂಪಿನಲ್ಲಿ ಫೋನ್ ಕೊಡುವುದಿಲ್ಲ ಎಂದು ಹೇಳಿ. ನನಗೂ ಪತ್ರವೇ ವಾಸಿ ಅನಿಸುತ್ತದೆ.

ಕಾಕುಗೆ ನಮಸ್ಕಾರ.

ಮಾಳು


ಬನಹಟ್ಟಿ
3 ಅಕ್ಟೋಬರ್ 2025

ಮಾಳೂ,

ನಿನ್ನೆ ದಸರೆ. ಊರೆಲ್ಲ ಬನ್ನಿ ಹಂಚಿ "ಬಂಗಾರದಂಗ ಇರೂಣು" ಎಂದು ಒಬ್ಬರ ಕಾಲಿಗೊಬ್ಬರು ಬೀಳುವಾಗ ನಾನು ಮನೆಯಿಂದ ಹೊರಗೆ ಬರಲಿಲ್ಲ. ಮೊನ್ನೆ ಇಂದೂರಿನವರ ಮುಂದೆ ಒಂದೇ ಒಂದು ಪಾಯಿಂಟಿನಿಂದ ಸೋತಿರಿ. ಸೋಲಿಸಿದವನು ನೀನು.

ಕೊನೆಯ ರೇಡ್. ಮೂವತ್ತು ಸೆಕೆಂಡ್ ಕೂಡ ಉಳಿದಿರಲಿಲ್ಲ. ಅವರ ರೇಡರ್ ನಿನ್ನ ಮೂಲೆಗೆ ಬಂದ, ಬೆನ್ನು ತಿರುಗಿಸಿದ. ನಿನ್ನ ಬಲಗಡೆ ನಿಂತವನು ಬಾಯಿ ಇಷ್ಟಗಲ ತೆರೆದು "ಪಕಡ್" ಎಂದು ಕೂಗಿದ. ಸದ್ದಿಲ್ಲದ ಟಿವಿಯ ಮುಂದೆ ಕೂತ ನನಗೆ ಆ ಕೂಗು ಕಾಣಿಸಿತು. ಮಗ್ಗದ ಶೆಡ್ಡಿನಲ್ಲಿ ಜೀವನ ಕಳೆದವನು ನಾನು, ತುಟಿ ನೋಡಿ ಮಾತು ತಿಳಿಯುತ್ತೇನೆ. ಮೊಳ ದೂರದಲ್ಲಿದ್ದ ನಿನಗೆ ಅದು ಕೇಳಲಿಲ್ಲವೇ? ಗೂಟ ಬಡಿದ ಹಾಗೆ ನಿಂತೆ. ಅವನು ನಡೆದುಕೊಂಡು ಗೆರೆ ದಾಟಿ ಹೋದ.

ನನ್ನ ಲೆಕ್ಕದಲ್ಲಿ ನಿನಗೆ ಹಿಡಿಯುವ ಮನಸ್ಸೇ ಉಳಿದಿಲ್ಲ. ಪೆಟ್ಟಾದೀತು, ಹರಾಜಿನಲ್ಲಿ ಬೆಲೆ ಇಳಿದೀತು ಎಂದು ಮೈ ಉಳಿಸಿಕೊಳ್ಳುತ್ತಿದ್ದೀಯ. ಹಾಗೆ ಕಿವುಡನಂತೆ ನಿಲ್ಲುವುದಾದರೆ ಆ ಜಾಗ ಬಿಡು. ಕೋಚ್ ಹತ್ತಿರ ಹೋಗಿ, ನನ್ನ ಕೈಲಿ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳು. ಜರ್ಸಿ ಬಿಚ್ಚಿ ಬೆಂಚಿನ ಮೇಲಿರುವ ಯಾರಾದರೂ ಹುಡುಗನಿಗೆ ಕೊಡು. ನನಗೂ ನಿನಗೂ ನಡುವೆ ಒಬ್ಬ ಕಿವುಡ ಸಾಕು.

ಪ್ರತಿ ವರ್ಷ ದಸರೆಯ ಪತ್ರದಲ್ಲಿ ಬನ್ನಿ ಎಲೆ ಇಟ್ಟು ಕಳಿಸುತ್ತಿದ್ದೆ. ಈ ವರ್ಷ ಇಟ್ಟಿಲ್ಲ.

ಸಿದರಾಯ

ಇದನ್ನು ನೀಲಕಂಠನ ಚಹಾದಂಗಡಿಯಲ್ಲಿ ಎಲ್ಲರೆದುರು ಓದಿಸಿ ಆಮೇಲೆ ಅಂಚೆಗೆ ಹಾಕುತ್ತಿದ್ದೇನೆ. ಜನ ಚಪ್ಪಾಳೆ ತಟ್ಟಿದರು, ಕಂಡೆ. "ಕಾಕಾ, ಭಾರಿ ಬರದೀರಿ ನೋಡ್ರಿ" ಎಂದು ನೀಲಕಂಠ ಫೋಟೋ ಹೊಡೆದು ಅಭಿಮಾನಿಗಳ ಗ್ರೂಪಿಗೂ ಹಾಕಿದ್ದಾನೆ. ಎಲ್ಲರೂ ಓದಲಿ.


ಬನಹಟ್ಟಿ
12 ಅಕ್ಟೋಬರ್ 2025

ಮಾಳೂ,

ಒಂಬತ್ತು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಕಳೆದ ಎರಡು ಪಂದ್ಯದಲ್ಲಿ ನೀನು ಅಂಕಣದಲ್ಲೂ ಇರಲಿಲ್ಲ. ಬೆಂಚಿನ ತುದಿಯಲ್ಲಿ ಕೂತದ್ದನ್ನು ಒಮ್ಮೆ ತೋರಿಸಿದರು. ಸಿಟ್ಟು ಮಾಡಿಕೊಂಡು ನೀನೇ ಕೂತೆಯಾ? ಅಥವಾ ಕೂರಿಸಿದರಾ?

ಮನೆಯ ಹಿರಿಯ ನಾಲ್ಕು ಮಾತು ಅಂದರೆ ಇಷ್ಟು ಸೆಟೆದುಕೊಳ್ಳುವುದೇನು? ಎಂಟು ವರ್ಷದ ಹಿಂದೆ ಜಮಖಂಡಿಯ ಪಂದ್ಯಾವಳಿಯಲ್ಲಿ ನಾನು ಎಲ್ಲರ ಮುಂದೆ ನಿನ್ನ ಬೆನ್ನಿಗೆ ಗುದ್ದಿದ್ದೆ. ಆವತ್ತು ನಗುತ್ತ ಹೋಗಿ ಮುಂದಿನ ರೇಡರನ್ನು ಮಲಗಿಸಿದೆ. ನನ್ನ ಬೈಗುಳಕ್ಕೆ ಆ ಗುಣ ಇತ್ತು. ಈಗ ಯಾಕೆ ಇಲ್ಲ?

ನೀನಿಲ್ಲದೆ ಆಡಿದ ಎರಡನ್ನೂ ತಂಡ ಸೋತಿತು. ಹೇಳಿದೆ ಅಷ್ಟೆ. ಬರೆ.

ಸಿದರಾಯ ಕಾಕಾ


ಪುಣೆ
14 ಅಕ್ಟೋಬರ್ 2025

ಕಾಕಾ,

ನಿಮ್ಮ ಪತ್ರ ಅಂಚೆಗಿಂತ ಮೊದಲೇ ಬಂದಿತ್ತು. ದುರಗೇಶ ತನ್ನ ಫೋನಿನಲ್ಲಿ ತೋರಿಸಿದ. ನಿಮ್ಮ ಅಕ್ಷರ ನೋಡಿ ಮೊದಲು ಖುಷಿಯಾಯಿತು, ಆಮೇಲೆ ಓದಿದೆ.

ನಿಮಗೆ ಗೊತ್ತಾಗಿಬಿಟ್ಟಿದೆ. ಯಾವಾಗ, ಹೇಗೆ ಗೊತ್ತಾಯಿತೋ ನಾನು ಕೇಳುವುದಿಲ್ಲ. ಆದರೆ ನನಗೊಬ್ಬನಿಗೇ ಬರೆಯಬಹುದಿತ್ತು.

ಹೌದು, ನನ್ನ ಬಲಗಿವಿ ಪೂರ್ತಿ ಹೋಗಿದೆ. ಎರಡು ವರ್ಷದ ಹಿಂದೆಯೇ ಇಲ್ಲಿ ಒಬ್ಬ ಡಾಕ್ಟರ ಹತ್ತಿರ ಒಬ್ಬನೇ ಹೋಗಿ ತೋರಿಸಿದ್ದೆ. ಎಡಗಿವಿ ಚೆನ್ನಾಗಿದೆ, ಬಲಗಿವಿಗೆ ಮದ್ದಿಲ್ಲ ಎಂದರು. ಫೋನ್ ಎಡಗಿವಿಗೆ ಹಿಡಿದರೆ ಸುತ್ತ ಯಾರು ಕರೆದರೂ ಕೇಳುವುದಿಲ್ಲ, ಅದಕ್ಕೇ ಅವ್ವನ ಫೋನನ್ನೂ ಎತ್ತುತ್ತಿರಲಿಲ್ಲ. ಬಲ ಕಾರ್ನರಿನಲ್ಲಿ ನಿಂತರೆ ಉಳಿದ ಆರೂ ಜನ ಎಡಗಡೆಯೇ ಇರುತ್ತಾರೆ, ಎಲ್ಲರ ಕೂಗೂ ಕೇಳುತ್ತದೆ. ಅಲ್ಲಿ ಇರುವವರೆಗೆ ಯಾರಿಗೂ ಸಂಶಯ ಬರಲಿಲ್ಲ. ಎಡಕ್ಕೆ ಹೋಗು ಎಂದ ದಿನ ಬೇಡ ಎನ್ನಲು ನನಗೆ ಕಾರಣ ಬೇಕಿತ್ತು. ಕಾರಣ ಹೇಳಿದರೆ ತಂಡದಲ್ಲೇ ಇರುತ್ತಿರಲಿಲ್ಲ. ಕರಾರಿನ ಜೊತೆ ತುಂಬುವ ಫಾರಂನಲ್ಲಿ ಯಾವ ದೋಷವೂ ಇಲ್ಲ ಎಂದು ಸಹಿ ಮಾಡಿದ್ದೆ.

ಇಂದೂರಿನ ಪಂದ್ಯದಲ್ಲಿ ಕೂಗಿದ್ದು ನನಗೆ ಕೇಳಲಿಲ್ಲ. ನಿಮ್ಮ ಪ್ರಶ್ನೆಗೆ ಅದೇ ಉತ್ತರ.

ನೀವೇ "ಕಿವುಡ" ಎಂದು ಬರೆದು ಊರಿಗೆ ಓದಿಸಿದ ಮೇಲೆ ಮುಚ್ಚಿಡಲು ಏನು ಉಳಿಯಿತು? ಇವತ್ತಲ್ಲ ನಾಳೆ ತಂಡದ ದೊಡ್ಡವರಿಗೂ ತಲುಪುತ್ತದೆ ಎಂದು ಎಣಿಸಿದೆ. ನೀವು ಹೇಳಿದಂತೆಯೇ ಕೋಚ್ ಸಾಹೇಬರ ಬಳಿ ಹೋಗಿ ಬಾಯಿಬಿಟ್ಟು ಹೇಳಿದೆ. ಅವರು ಬೈಯಲಿಲ್ಲ. "ಹರಾಜಿಗೆ ಮೊದಲೇ ಹೇಳಿದ್ದರೆ ನಿನ್ನನ್ನು ಬಲಗಡೆಯೇ ಇಟ್ಟು ಇರಾನಿನವನನ್ನು ತರುತ್ತಿರಲಿಲ್ಲವೇನೋ" ಎಂದರು. ಆ ಮಾತಿಗಿಂತ ಬೈದಿದ್ದರೆ ವಾಸಿಯಿತ್ತು. ಡಾಕ್ಟರ ಪರೀಕ್ಷೆ ಆಯಿತು. ಫಾರಂನಲ್ಲಿ ಸುಳ್ಳು ಬರೆದಿದ್ದಕ್ಕೆ ಕರಾರು ಮುರಿದಿದ್ದಾರೆ. ನಾಳೆ ರೂಮು ಬಿಡುತ್ತೇನೆ.

ಜರ್ಸಿ ಬಿಚ್ಚಿ ಕೊಟ್ಟೆ ಕಾಕಾ. ಅದನ್ನೀಗ ಇಪ್ಪತ್ತರ ಒಬ್ಬ ಹುಡುಗ ಹಾಕಿಕೊಂಡಿದ್ದಾನೆ.

ಮಾಳು


ಬನಹಟ್ಟಿ
15 ಅಕ್ಟೋಬರ್ 2025

ಮಾಳೂ, ನನ್ನ ಮಗನೇ,

ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಅಂಚೆ ಕಚೇರಿ ಮುಚ್ಚುವ ಮೊದಲು ಸ್ಪೀಡ್ ಪೋಸ್ಟ್ ಮಾಡಬೇಕು.

ನಿನ್ನೆ ಸಂಜೆ ಹಳೆಯ ಪಂದ್ಯವನ್ನು ಮತ್ತೆ ತೋರಿಸುತ್ತಿದ್ದರು. ನಡುವೆ ನೀವೆಲ್ಲ ಸುತ್ತ ನಿಂತು ಕೋಚಿನ ಮಾತು ಕೇಳುವುದು ಬಂತು. ಅವನು ನಿನ್ನ ಬಲಗಡೆಯಿಂದ ಏನೋ ಅಂದ. ನೀನು ಕುತ್ತಿಗೆ, ಭುಜ, ಮೈಯೆಲ್ಲ ಅವನ ಕಡೆ ತಿರುಗಿಸಿ ಅವನ ತುಟಿ ನೋಡಿದೆ. ಜೋಳದ ಹಿಟ್ಟು ನಾದುತ್ತಿದ್ದ ತಾರವ್ವ ಬಂದು ನನ್ನ ಭುಜ ತಟ್ಟಿದಳು. ಅವಳ ತುಟಿ ನೋಡಿದೆ. "ನೋಡ್ರಿ ಇಲ್ಲೆ, ಹುಡುಗ ನಿಮ್ಮಂಗ ಕುತ್ತಿಗಿ ಹೊಳ್ಳಿಸಾಕತ್ತಾನ" ಎಂದಳು.

ಒಂದು ತಿಂಗಳು ಕಣ್ಣು ಬಿಟ್ಟುಕೊಂಡು ನೋಡಿದವನು ನಾನು. ಆಟ ಬಲ್ಲವನು ನಾನು. ಕಿವುಡನೂ ನಾನೇ. ನನಗೆ ಕಾಣದೆ ಹಿಟ್ಟಿನ ಕೈಯ ತಾರವ್ವನಿಗೆ ಕಂಡಿತು.

ಆಮೇಲೆ ಎಲ್ಲ ಒಂದೊಂದಾಗಿ ನೆನಪಾಯಿತು. ಬಲಗಡೆ ಗೋಡೆ ಇರುವ ನಿನ್ನ ಕುರ್ಚಿ. ಅವ್ವನ ಫೋನ್ ಎತ್ತದ ನೀನು. ಅದಕ್ಕಿಂತ ಹಿಂದಿನದೂ ನೆನಪಾಯಿತು. ಹದಿನೆಂಟಕ್ಕೆ ನಿನ್ನನ್ನು ಶೆಡ್ಡಿಗೆ ಸೇರಿಸಿ ಕೊನೆಯ ಮಗ್ಗ ಕೊಡಿಸಿದವನು ನಾನು. ಎಡಕ್ಕೆ ಗೋಡೆ, ಬಲಕ್ಕೆ ಹನ್ನೊಂದು ಮಗ್ಗ. ಬಾಗಿಲು ಹತ್ತಿರ, ಕೆಲಸ ಬಿಟ್ಟ ಕೂಡಲೇ ಮೈದಾನಕ್ಕೆ ಓಡಬಹುದು ಎಂದು. ಎರಡನೇ ವಾರ ನೀನು ಕಿವಿಗೆ ಹತ್ತಿ ಇಟ್ಟುಕೊಂಡು ಬಂದಿದ್ದೆ. "ಹತ್ತಿ ತಗಿಯಲೇ, ನೂಲು ಹರದದ್ದು ಸಪ್ಪಳದಾಗ ತಿಳಿಬೇಕು" ಎಂದು ನಾನೇ ತೆಗೆಸಿದೆ. ನನ್ನ ಉಸ್ತಾದ್ ನನಗೂ ಹಾಗೇ ತೆಗೆಸಿದ್ದ. ಹೇಳಿದ ಹಾಗೆ ಆರು ವರ್ಷ ಬರಿಗಿವಿಯಲ್ಲಿ ನಿಂತೆ ನೀನು.

ಅದಿರಲಿ, ಅಳುವುದಕ್ಕೆ ಆಮೇಲೆ ಸಮಯವಿದೆ. ಈಗ ಇದನ್ನು ಕೇಳು. ಯಾರಿಗೂ ಏನೂ ಹೇಳಬೇಡ. ಕೋಚಿಗಂತೂ ಬೇಡವೇ ಬೇಡ. ದಾರಿ ಇದೆ.

ನಾನು ಆಡುವ ಕಾಲಕ್ಕೆ ನಮ್ಮ ಅಂಕಣ ಶೆಡ್ಡಿನ ಹಿಂದಿನ ಬಯಲಲ್ಲಿತ್ತು. ಮಗ್ಗ ನಡೆಯುತ್ತಿದ್ದರೆ ಗಂಟಲು ಹರಿದುಕೊಂಡರೂ ಕೇಳುತ್ತಿರಲಿಲ್ಲ. ಅದಕ್ಕೆ ನಾವು ಕೂಗುತ್ತಲೇ ಇರಲಿಲ್ಲ. ಪಕ್ಕದವನ ಕೈ ಹಿಡಿದು ನಿಲ್ಲುತ್ತಿದ್ದೆವು. ಅವನು ಒಂದು ಸಲ ಹಿಚುಕಿದರೆ ತಡೆ ಎಂದು, ಎರಡು ಸಲ ಹಿಚುಕಿದರೆ ಹಾರು ಎಂದು. ಸುತ್ತಲಿನ ಊರವರೆಲ್ಲ ಬನಹಟ್ಟಿಯವರು ಮೂಕರ ಹಾಗೆ ಆಡುತ್ತಾರೆ ಎಂದು ನಗುತ್ತಿದ್ದರು, ಸೋತು ಹೋಗುತ್ತಿದ್ದರು. ನಿನ್ನ ಕಾಲಕ್ಕೆ ಆಟ ದೊಡ್ಡ ಮೈದಾನಕ್ಕೆ ಹೋಯಿತು, ನಿನಗೆ ಇದನ್ನು ಕಲಿಸಬೇಕೆಂದು ಹೊಳೆಯಲೇ ಇಲ್ಲ. ನಿನ್ನ ಪಕ್ಕ ನಿಲ್ಲುವವನಿಗೆ ಇದನ್ನು ಹೇಳಿಕೊಡು. ಹೊಸ ತಂತ್ರ ಎನ್ನು, ಸಾಕು. ಒಂದು ದಿನದ ಅಭ್ಯಾಸ.

ಮೂರನೇ ತಾರೀಕಿನ ಆ ಪತ್ರವನ್ನು ಹರಿದುಹಾಕು. ಅದನ್ನು ಬರೆದವನು ಮೂರ್ಖ.

ಸಿದರಾಯ ಕಾಕಾ


ಹುನ್ನೂರ
30 ಅಕ್ಟೋಬರ್ 2025

ಕಾಕಾ,

ನಿಮ್ಮ ಸ್ಪೀಡ್ ಪೋಸ್ಟ್ ನಾನು ರೂಮು ಬಿಟ್ಟ ಮೂರನೆಯ ದಿನ ಪುಣೆ ಮುಟ್ಟಿದೆ. ದುರಗೇಶ ಅದನ್ನು ಮತ್ತೊಂದು ಲಕೋಟೆಗೆ ಹಾಕಿ ಇಲ್ಲಿಗೆ ಕಳಿಸಿದ. ದೀಪಾವಳಿ ಮುಗಿದ ಮೇಲೆ ಕೈಗೆ ಬಂತು.

ಹಾಗಾದರೆ ನಿಮಗೆ ಗೊತ್ತಿರಲಿಲ್ಲ. ಸುಮ್ಮನೆ ಬೈಗುಳಕ್ಕೆ ಬರೆದ ಮಾತು ಅದು. ನಾನು ಅದನ್ನು ನಂಬಿ ಹೋಗಿ ಎಲ್ಲ ಹೇಳಿಬಿಟ್ಟೆ. ಎರಡು ವಾರ ಕಾದಿದ್ದರೆ ಸಾಕಿತ್ತು.

ಎರಡು ಸಲ ಹಿಚುಕುವುದನ್ನು ಓದಿ, ಹಟ್ಟಿಯ ಹಿಂದೆ ಒಬ್ಬನೇ ನಿಂತು ನನ್ನ ಬಲಗೈಯನ್ನು ಎಡಗೈಯಿಂದ ಹಿಚುಕಿ ನೋಡಿದೆ. ಕಾಲು ತಾನಾಗಿಯೇ ಮುಂದೆ ಹಾರಿತು. ಮಾವನ ಕುರಿಗಳು ಬೆದರಿ ಓಡಿದವು. ಆಗುತ್ತಿತ್ತು ಕಾಕಾ. ಖಂಡಿತ ಆಗುತ್ತಿತ್ತು. ಆಮೇಲೆ ಅಲ್ಲೇ ಕೂತುಬಿಟ್ಟೆ.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಒಂದು ಸುಳ್ಳು ಬರೆದು ಇಷ್ಟಾಯಿತು. ಹತ್ತಿ ತೆಗೆಸಿದ್ದಕ್ಕೆ ಸಿಟ್ಟಿಲ್ಲ. ಅಲ್ಲಿ ಎಲ್ಲರೂ ಹಾಗೇ ಕೆಲಸ ಮಾಡುತ್ತಿದ್ದರು. ಚಹಾದಂಗಡಿಯಲ್ಲಿ ಓದಿಸಿದ್ದಕ್ಕೆ ಸಿಟ್ಟಿದೆ. ಯಾರು ಬೈದರೂ ತಡೆದುಕೊಳ್ಳುತ್ತಿದ್ದೆ. ಅವರು ಚಪ್ಪಾಳೆ ತಟ್ಟಿದ್ದನ್ನು ನೀವು ಹಿಗ್ಗಿ ನನಗೆ ಬರೆದಿರಿ, ಅದು ತಡೆಯಲಾಗಲಿಲ್ಲ.

ಲಕೋಟೆಯನ್ನು ಮೂರು ಸಲ ಕೊಡವಿ ನೋಡಿದೆ, ಬನ್ನಿ ಎಲೆ ಎಲ್ಲಾದರೂ ಅಂಟಿಕೊಂಡಿದೆಯೇನೋ ಎಂದು.

ನಾನು ಸದ್ಯ ಬನಹಟ್ಟಿಗೆ ಬರುವುದಿಲ್ಲ. ನೀವೂ ಬರಬೇಡಿ. ಅವ್ವ ಚೆನ್ನಾಗಿದ್ದಾಳೆ.

ಮಾಳು


ಬನಹಟ್ಟಿ
4 ನವೆಂಬರ್ 2025

ಮಾಳೂ,

ಹುನ್ನೂರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಆದರೂ ಪತ್ರ ಬರೆಯುತ್ತಿದ್ದೇನೆ. ಬರಬೇಡಿ ಎಂದಿದ್ದೀಯ, ಸರಿ. ನಿಜ ಹೇಳಬೇಕೆಂದರೆ ನಿಮ್ಮ ಬಾಗಿಲಲ್ಲಿ ನಿಂತು ನಿನ್ನ ಅವ್ವ ಸಿದ್ದಕ್ಕನ ಮುಖ ನೋಡುವ ಧೈರ್ಯವೂ ನನಗಿಲ್ಲ.

ನಿನ್ನ ಸಿಟ್ಟು ಸರಿಯಾದದ್ದು. ಅದನ್ನು ಇಳಿಸು ಎಂದು ಕೇಳುವುದಿಲ್ಲ. ನೀನು ಸೋತಾಗ ನನಗೆ ಆಗುತ್ತಿದ್ದ ನೋವನ್ನು ಜನರ ಮುಂದೆ ದೊಡ್ಡಸ್ತಿಕೆ ಮಾಡಿಕೊಂಡೆ. ಮೂವತ್ತು ಜನ ಚಪ್ಪಾಳೆ ತಟ್ಟುವುದು ಕಂಡಾಗ, ನನ್ನಂಥ ಕಿವುಡನ ಮಾತಿಗೂ ಬೆಲೆ ಬಂತಲ್ಲ ಎಂದು ಹಿಗ್ಗಿದೆ. ಆ ಹಿಗ್ಗು ನಿನ್ನ ಅನ್ನ ಕಿತ್ತುಕೊಂಡಿತು.

ನೀಲಕಂಠನಿಗೆ ಫೋಟೋ ಅಳಿಸು ಎಂದೆ. "ಕಾಕಾ, ಅದು ಎಲ್ಲೆಲ್ಲೋ ಹೋಗೇತ್ರಿ, ನನ್ನ ಕೈಯಾಗ ಏನೈತಿ" ಎಂದ. ಮತ್ತೊಂದು ಪತ್ರ ಬರೆದು ಓದಿಸಲು ಅಂಗಡಿಗೆ ಹೋದೆ. ತಪ್ಪು ನನ್ನದು, ಹುಡುಗ ಮೈಗಳ್ಳನಲ್ಲ ಎಂದು ಬರೆದಿದ್ದೆ. ಎರಡು ಸಾಲು ಓದುವಷ್ಟರಲ್ಲಿ ಜನ ತಮ್ಮ ತಮ್ಮೊಳಗೇ ಮಾತಿಗೆ ಶುರು ಮಾಡಿದರು, ಅದೂ ಕಂಡಿತು. ಯಾರೂ ಫೋಟೋ ಹೊಡೆಯಲಿಲ್ಲ. ಪತ್ರ ಮಡಿಚಿ ಕಿಸೆಗೆ ಹಾಕಿಕೊಂಡು ಬಂದೆ.

ಶೆಡ್ಡಿಗೂ ಹೋಗಿದ್ದೆ. ಈಗ ನಿನ್ನ ಕೊನೆಯ ಮಗ್ಗದ ಮುಂದೆ ಈಶ್ವರ ಎಂಬ ಹೊಸಬ ನಿಂತಿದ್ದಾನೆ. ಮದುವೆಯಾಗಿ ಆರು ತಿಂಗಳಾದವನು. ಎರಡು ಉಂಡೆ ಹತ್ತಿ ಮಾಡಿ ಅವನ ಕಿವಿಗೆ ನಾನೇ ಇಟ್ಟೆ. ಮಾಲೀಕ ಮುಖ ಗಂಟಿಕ್ಕಿ ಏನೇನೋ ಅಂದ. ನನಗೆ ಕೇಳಲಿಲ್ಲ ಎಂದು ಸನ್ನೆ ಮಾಡಿ ಬಂದೆ. ನಾಳೆ ಆ ಹುಡುಗ ಹತ್ತಿ ತೆಗೆದಿಟ್ಟರೂ ತೆಗೆದಿಟ್ಟಾನು. ಮತ್ತೆ ಹೋಗುತ್ತೇನೆ.

ಇದರೊಳಗೆ ಬನ್ನಿ ಎಲೆ ಇದೆ. ದಸರೆಯ ದಿನ ತಾರವ್ವ ನಿನ್ನ ಪಾಲಿನದನ್ನು ದೇವರ ಮುಂದೆ ಎತ್ತಿಟ್ಟಿದ್ದಳಂತೆ, ನನಗೆ ಹೇಳಿರಲಿಲ್ಲ. ಒಣಗಿದೆ. ಹಿರಿಯನೇ ಕಿರಿಯನಿಗೆ ತಪ್ಪಾಯಿತು ಅನ್ನುವ ಪದ್ಧತಿ ನಮ್ಮಲ್ಲಿ ಇದೆಯೋ ಇಲ್ಲವೋ. ತಪ್ಪಾಯಿತು ಮಾಳೂ.

ಭಾನುವಾರ ಲೀಗಿನ ಫೈನಲ್. ಈಗಲ್ಸ್ ಇಲ್ಲ ಬಿಡು, ಅವರು ಎಂದೋ ಗಂಟು ಕಟ್ಟಿದರು. ನಾಗಪುರದವರಿಗೂ ಇಂದೂರಿನವರಿಗೂ ಬಿದ್ದಿದೆ. ನೀನು ಬರದಿದ್ದರೆ ನಾನು ನೋಡುವುದಿಲ್ಲ, ತಾರವ್ವ ತನ್ನ ಧಾರಾವಾಹಿ ಹಾಕಿಕೊಳ್ಳಲಿ. ಬರಲೇಬೇಕೆಂದು ಹೇಳುತ್ತಿಲ್ಲ. ಆದರೆ ಬಂದರೆ ಟಿವಿಯ ಸದ್ದು ಪೂರ್ತಿ ಏರಿಸಲು ತಾರವ್ವನಿಗೆ ಹೇಳಿದ್ದೇನೆ. ನೀನು ಎಡಗಿವಿ ಟಿವಿಯ ಕಡೆ ಮಾಡಿ ಕೂರು. ನಾನು ನಿನ್ನ ಬಲಕ್ಕೆ ಕೂರುತ್ತೇನೆ, ಅಲ್ಲಿಂದ ನಾನು ಏನು ಬೈದರೂ ನಿನಗೆ ಕೇಳುವುದಿಲ್ಲ. ನನ್ನ ಕೈ ಹಿಡಿದುಕೊ. ಅಂಕಣದಲ್ಲಿ ಯಾರಾದರೂ ಕೂಗಿದ್ದು ಕೇಳಿಸಿದರೆ ಎರಡು ಸಲ ಹಿಚುಕು. ನನಗೂ ಗೊತ್ತಾಗಲಿ.

ನಿನ್ನ ಸಿದರಾಯ ಕಾಕಾ